ಉಮ್ ಸಿದ್ರ್‌ನ ಹನ್ನೊಂದು ಬೀಗದ ಕೈಗಳು

ನನ್ನ ತಂಗಿಯ ಮಗಳು ಅನುಷಾ ಮಸ್ಕತ್ತಿನಲ್ಲಿ ನಕ್ಷೆ ಮಾಡುವ ಕಂಪನಿಯೊಂದಕ್ಕೆ ಸೇರಿ ಎಂಟು ತಿಂಗಳಾಯಿತು. ಅಲ್ಲಿಯ ಅಲ್ ಮಬೇಲಾ ಬಡಾವಣೆಯಲ್ಲೇ ಬೆಳೆದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ಕೆಲಸಕ್ಕೆ ಸೇರಿದ ಮೇಲೆ ನನ್ನೊಡನೆ ಕನ್ನಡ ಮಾತಾಡತೊಡಗಿದ್ದಾಳೆ. ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ನನ್ನಿಂದ ಕೆಲಸದ ಸಂಗತಿ ತಿಳಿಯಬೇಕಲ್ಲ, ಅದಕ್ಕೆ. ಮೊನ್ನೆ ಫೋನಿನಲ್ಲಿ, "ಮಾಮ, ನೀವು ನಿಜವಾಗ್ಲೂ ಒಂದೊಂದು ಮನೆಗೂ ಹೋಗ್ತಿದ್ರಾ? ಎಂತಕ್ಕೆ? ನಮ್ಗೆ ಇಮೇಜಲ್ಲೇ ಎಲ್ಲ ಕಾಣ್ತದಲ್ಲ," ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರವಲ್ಲ ಅದು. ನಿವೃತ್ತನಾಗಿ ಮೂಲ್ಕಿಗೆ ಬಂದು ಕೂತ ಮೇಲೆ ನನಗೆ ಸಮಯಕ್ಕೇನೂ ಬರವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಯಾವ ವರ್ಷ ಸೀನಿಯರ್ ಆದೆ, ಯಾವ ವರ್ಷ ಕ್ಯಾಬಿನ್ ಸಿಕ್ಕಿತು ಎಂಬುದೆಲ್ಲ ಇದರಲ್ಲಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ನಾನು ಒಮಾನಿಗೆ ಹೋದದ್ದು ಡ್ರಾಫ್ಟ್ಸ್‌ಮನ್ ಆಗಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಸಿ ಪೆನ್ನಿನಿಂದ ಗೆರೆ ಎಳೆಯುವುದು, ತಪ್ಪಾದರೆ ಬ್ಲೇಡಿನಿಂದ ಕೆರೆಯುವುದು, ಪ್ರಿಂಟ್ ತೆಗೆಯುವಾಗ ಅಮೋನಿಯಾ ವಾಸನೆಗೆ ಕಣ್ಣು ಒರೆಸಿಕೊಳ್ಳುವುದು, ಇದೇ ಉದ್ಯೋಗ. ಹಾಳೆಯನ್ನು ಕೆರೆದು ಕೆರೆದು ತೂತು ಮಾಡಿದವನನ್ನು ಕಚೇರಿಯಲ್ಲಿ ಒಂದು ವಾರ ಎಲ್ಲರೂ ತಮಾಷೆ ಮಾಡುತ್ತಿದ್ದರು. ಹೊಸ ಶತಮಾನ ಶುರುವಾದ ಎರಡು ಮೂರು ವರ್ಷಕ್ಕೆ ನಮ್ಮ ಕಚೇರಿಗೆ ಬೇರೆ ತರಹದ ಕೆಲಸವೊಂದು ಬಂತು. ಒಂದೊಂದು ವಿಲಾಯತ್ತಿಗೂ ಒಂದು ದಪ್ಪ ಪುಸ್ತಕ ಆಗಬೇಕು. ವಿಲಾಯತ್ ಎಂದರೆ ನಮ್ಮ ತಾಲೂಕು ಎಂದುಕೊಳ್ಳಿ. ಅದರ ಭೂಗೋಳ, ಇತಿಹಾಸ, ಜನಸಂಖ್ಯೆ ಮೂರೂ ಆ ಪುಸ್ತಕದಲ್ಲಿ ಇರಬೇಕು. ಎಷ್ಟೇ ಸಣ್ಣ ಊರಿರಲಿ, ಅದಕ್ಕೊಂದು ಫಾರಂ. ಬೆಟ್ಟ ಯಾವ ಕಡೆ, ನೀರು ಎಲ್ಲಿಂದ, ಮನೆ ಎಷ್ಟು, ಜನ ಎಷ್ಟು ಎಂದು ತುಂಬಬೇಕು. ಕೊನೆಯಲ್ಲಿ ಒಂದು ಗುರುತು. ಜನ ವಾಸವಿದ್ದರೆ ನಕ್ಷೆಯಲ್ಲಿ ತುಂಬಿದ ಕಪ್ಪು ಚುಕ್ಕೆ, ಪಾಳು ಬಿದ್ದಿದ್ದರೆ ಬರಿಯ ಉಂಗುರ. ಮುಂದೆ ಶಾಲೆಯ ಬಸ್ಸು, ಕರೆಂಟು, ನೀರಿನ ಟ್ಯಾಂಕರು ಎಲ್ಲವೂ ಈ ಪಟ್ಟಿಯನ್ನು ನೋಡಿಯೇ ಹೋಗುವುದೆಂದು ಹೇಳಿದ್ದರು. ಉಂಗುರ ಬಿದ್ದ ಊರಿಗೆ ಯಾವುದೂ ಹೋಗುವುದಿಲ್ಲ.

ನಮ್ಮ ಮೇಲಧಿಕಾರಿ ಶ್ರೀಕಂಠಯ್ಯನವರು, ಮೈಸೂರಿನವರು. ಅಂಗಿಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ನಾವು ಕೊಟ್ಟ ಹಾಳೆಯ ಮೇಲೆ ಅದನ್ನು ಹಿಡಿದು ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದರು. ಒಳ್ಳೆಯದಾಗಿದ್ದರೆ ಏನೂ ಹೇಳುತ್ತಿರಲಿಲ್ಲ, ಮುಂದಿನ ಹಾಳೆಗೆ ಕೈ ಚಾಚುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ, ಸುಳ್ಳು ಹೇಳಿದ್ದೂ ನೆನಪಿಲ್ಲ. ಹೊಸಬರಿಗೆ ಅವರದು ಒಂದೇ ಪಾಠ. "ಕಂಡಿದ್ದನ್ನ ಬರೀರಿ. ಕೇಳಿದ್ದನ್ನ ಕೇಳಿದ್ದು ಅಂತ ಬರೀರಿ. ತೋಚಿದ್ದನ್ನ ಬರೀಲೇಬೇಡಿ."

ಕೇಳಲು ಸುಲಭದ ಪಾಠ. ನನಗೆ ಅದು ಅರ್ಥವಾಗಲು ಒಂದು ಊರೇ ನಕ್ಷೆಯಿಂದ ಹೋಗಬೇಕಾಯಿತು.

ಅದಕ್ಕೆ ಮೊದಲು ಸಣ್ಣ ಪುಟ್ಟ ಪೆಟ್ಟುಗಳು ಬಿದ್ದಿದ್ದವು. ಮೊದಲ ಮಳೆಗಾಲದಲ್ಲಿ ನನ್ನನ್ನು ಸಲಾಲಾಕ್ಕೆ ಕಳಿಸಿದರು. ಮಸ್ಕತ್ತಿನಲ್ಲಿ ನೆತ್ತಿ ಸುಡುವ ಹೊತ್ತಿಗೆ ಅಲ್ಲಿ ಜಿಟಿಜಿಟಿ ಹನಿ, ತೆಂಗಿನ ತೋಟ, ರಸ್ತೆ ಬದಿಯಲ್ಲಿ ಎಳನೀರು. ನನಗೆ ತವರಿಗೆ ಬಂದಷ್ಟು ಖುಷಿ. ಆದರೆ ಬೆಟ್ಟದ ಮೇಲೆ ಮಂಜು ಕೂತು ಹತ್ತು ದಿನ ಎದ್ದೇಳಲಿಲ್ಲ. ಕೋಲು ಹಿಡಿದು ನಿಂತವನೇ ದುರ್ಬೀನಿನಲ್ಲಿ ಕಾಣುವುದಿಲ್ಲ, ಇನ್ನು ಗಡಿ ಕಲ್ಲು ಎಲ್ಲಿ ಕಾಣಬೇಕು. ಹತ್ತು ದಿನಕ್ಕೆ ಎರಡು ಹಾಳೆ ತಂದೆ. ಶ್ರೀಕಂಠಯ್ಯನವರು, "ಎಳನೀರು ಹೇಗಿತ್ರೀ?" ಎಂದು ಮಾತ್ರ ಕೇಳಿದರು.

ಎರಡನೆಯದು ಜನಸಂಖ್ಯೆಯದು. ಒಮಾನಿನ ಹಳ್ಳಿಯಲ್ಲಿ ಮನೆಯ ಹೆಂಗಸರು ಎಷ್ಟು ಮಂದಿ ಎಂದು ಪರಗಂಡಸು ನೇರ ಕೇಳುವುದು ಮರ್ಯಾದೆಯಲ್ಲ. ನಾನು ಜಾಣತನ ಮಾಡಿದೆ. ನಮ್ಮೂರಿನ ಲೆಕ್ಕದಲ್ಲಿ, ಊಟಕ್ಕೆ ಎಷ್ಟು ತಟ್ಟೆ ಇಡುತ್ತೀರಿ ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಎಲ್ಲ ಮನೆಯವರೂ 'ಎರಡು' ಎಂದರು. ಒಂದು ಇಡೀ ಊರು ಗಂಡ ಹೆಂಡಿರದೇ ಎಂದು ಬರೆದು ತಂದೆ. ಅಲ್ಲಿ ದೊಡ್ಡ ಹರಿವಾಣದ ಸುತ್ತ ಎಲ್ಲರೂ ಕೂತು ಉಣ್ಣುತ್ತಾರೆ, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಎಂಬುದು ಆಮೇಲೆ ತಿಳಿಯಿತು. ನಾನು ಇಬ್ಬರೆಂದು ಬರೆದ ಒಂದು ಮನೆಯಲ್ಲಿ ಹದಿನಾಲ್ಕು ಜನರಿದ್ದರು. ಇತಿಹಾಸದ ಅಂಕಣವಂತೂ ಕೇಳುವುದೇ ಬೇಡ. ಫಾರಂನಲ್ಲಿ ನಾಲ್ಕೇ ಸಾಲು ಜಾಗ. ಮುದುಕರು ಹೇಳಲು ಕೂತರೆ ಮೂರು ಗಂಟೆ. ಒಂದು ಮಣ್ಣಿನ ಬುರುಜನ್ನು ತಮ್ಮ ಮುತ್ತಜ್ಜನೇ ಕಟ್ಟಿಸಿದ್ದೆಂದು ಎರಡು ಊರಿನವರು ಹೇಳಿದರು. ಯಾವುದನ್ನು ಬರೆಯಲಿ ಎಂದು ಕೇಳಿದೆ. "ಎರಡೂ ಬರೀರಿ, ಬುರುಜು ಇದೆ ತಾನೇ?" ಎಂದರು ಶ್ರೀಕಂಠಯ್ಯನವರು.

ಇನ್ನು ಉಮ್ ಸಿದ್ರ್ ವಿಷಯ.

ಸಹಮ್ ಬಾತಿನಾ ಕರಾವಳಿಯ ಪೇಟೆ. ಸಮುದ್ರದ ಉದ್ದಕ್ಕೂ ಅಂಗಡಿ, ಅದರ ಹಿಂದೆ ಖರ್ಜೂರದ ತೋಟ. ತೋಟ ದಾಟಿ ಪಶ್ಚಿಮಕ್ಕೆ ಹೋದರೆ ಬರೀ ಕಲ್ಲುಬಯಲು, ಅದು ಮುಗಿದಲ್ಲಿ ಬೆಟ್ಟದ ಸಾಲು. ಬೆಟ್ಟದ ಬುಡದಲ್ಲಿ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳ ಪಕ್ಕ, ಐದು ಮನೆ, ಹತ್ತು ಮನೆಯ ಊರುಗಳು. ಆ ಭಾಗದ ನಕ್ಷೆಯ ಹಾಳೆ ನನ್ನ ಪಾಲಿಗೆ ಬಂದಿತ್ತು. ನನಗೆ ಗಾಡಿ ಓಡಿಸಿ ದಾರಿ ತೋರಿಸುತ್ತಿದ್ದವನು ಹಮೂದ್, ಸಹಮ್‌ನವನೇ, ಬಲೂಚಿ. ನನ್ನ ಜೊತೆ ಹಿಂದಿ, ಊರಿನವರ ಜೊತೆ ಅರಬ್ಬಿ. ಯಾವ ಮನೆಗೆ ಹೋದರೂ ಅವನಿಗೆ ಅಲ್ಲೊಬ್ಬ ದೊಡ್ಡಪ್ಪನ ಮಗ ಇರುತ್ತಿದ್ದ.

ಜುಲೈ ತಿಂಗಳು. ಹಮೂದ್ ಹತ್ತು ದಿನ ರಜೆ ಹಾಕಿದ. "ಸಾಬ್, ಖರ್ಜೂರ್ ಕಾ ಕಾಮ್ ಹೈ," ಎಂದ. ಸರಿ ಎಂದು ನಾನೊಬ್ಬನೇ ಗಾಡಿ ತೆಗೆದುಕೊಂಡು ಹೋದೆ. ಅದೇ ವರ್ಷ ನಮಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಟ್ಟಿದ್ದರು. ಅದು ಕೈಯಲ್ಲಿದ್ದರೆ ಇನ್ನು ಯಾರ ಸಹಾಯವೂ ಬೇಡ ಎಂಬ ಅಹಂಕಾರ ನನಗೆ.

ಉಮ್ ಸಿದ್ರ್ ಎಂದರೆ ಒಂದು ದೊಡ್ಡ ಬೋರೆ ಮರ, ಅದರ ಸುತ್ತ ಹನ್ನೊಂದು ಮನೆ. ಸಿಮೆಂಟ್ ಇಟ್ಟಿಗೆಯ ಒಂದೊಂದು ಕೋಣೆ, ಪಕ್ಕಕ್ಕೆ ಖರ್ಜೂರದ ಗರಿಯ ಚಪ್ಪರ. ಎಲ್ಲಕ್ಕೂ ಬೀಗ. ಕೂಗಿದೆ, ಹಾರ್ನ್ ಹೊಡೆದೆ, ಒಂದು ಆಡು ಕೂಡ ಎದುರಾಗಲಿಲ್ಲ. ಮರದ ಆಚೆ ಬಾವಿ. ಕಟ್ಟೆ ಇದೆ, ಎರಡು ಕಂಬ ಇವೆ, ಕಬ್ಬಿಣದ ರಾಟೆ ಇದೆ. ಹಗ್ಗ ಇಲ್ಲ, ಕೊಡಪಾನವಿಲ್ಲ.

ನಾನು ಬಾವಿಯಿರುವ ಊರಿನಲ್ಲಿ ಹುಟ್ಟಿದವನು. ನಮ್ಮ ಕಡೆ ನಾಲ್ಕು ದಿನ ನೆಂಟರ ಮನೆಗೆ ಹೋದರೂ ಬಾವಿಯ ಹಗ್ಗ ಬಾವಿಯಲ್ಲೇ ಇರುತ್ತದೆ, ದಾರಿಹೋಕರಿಗೆ ಬೇಕಾದೀತು ಎಂದು. ಮನೆ ಬಿಟ್ಟು ಪೂರ್ತಿ ಹೋಗುವವರು ಮಾತ್ರ ಕೊನೆಗೆ ಹಗ್ಗ ಬಿಚ್ಚಿಕೊಂಡು ಹೋಗುತ್ತಾರೆ. ಹಗ್ಗವಿಲ್ಲದ ಬಾವಿ ಎಂದರೆ ಒಕ್ಕಲು ಎದ್ದ ಮನೆ, ಅದರಲ್ಲಿ ಎರಡು ಮಾತಿಲ್ಲ. ಬಿಸಿಲಿಗೆ ಜಿಪಿಎಸ್ ಕಾದು ಕೈ ಸುಡುತ್ತಿತ್ತು. ಗಾಡಿಯ ಒಳಗೆ ಕೂತು ಫಾರಂ ತುಂಬಿದೆ. 'ಮನೆ ಹನ್ನೊಂದು, ಎಲ್ಲಕ್ಕೂ ಬೀಗ. ಬಾವಿಯಲ್ಲಿ ಹಗ್ಗ ಇಲ್ಲ. ಪಾಳು.' ಉಂಗುರ ಹಾಕಿದೆ. ಅಲ್ಲಿ ನಾನು ಇದ್ದದ್ದು ಇಪ್ಪತ್ತು ನಿಮಿಷವಿರಬಹುದು. ಹಮೂದ್ ರಜೆ ಹಾಕಿದ್ದು ಏಕೆ, ಅವನಂತೆ ಬೇರೆ ಯಾರು ಯಾರು ಎಲ್ಲೆಲ್ಲಿಗೆ ಹೋಗಿರಬಹುದು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ನವೆಂಬರಿನಲ್ಲಿ ಬೆಟ್ಟದ ಒಳಗಿನ ಬೇರೊಂದು ಊರಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದೆವು. ಹಮೂದ್ ಗಾಡಿ ಓಡಿಸುತ್ತಿದ್ದ. ಬೋರೆ ಮರದ ಹತ್ತಿರ ಹೊಗೆ ಕಂಡಿತು. ಚಪ್ಪರದ ಮೇಲೆ ಬಟ್ಟೆ ಒಣಗುತ್ತಿತ್ತು. ಆಡುಗಳು ರಸ್ತೆಗೆ ಅಡ್ಡ ಬಂದವು.

"ಇವರು ಯಾವಾಗ ಬಂದರು?" ಎಂದು ಕೇಳಿದೆ.

"ಬಂದದ್ದೇನು ಸಾಬ್, ಇವರ ಊರೇ ಇದು. ಬೇಸಗೆಯಲ್ಲಿ ಸಹಮ್‌ನ ತೋಟಕ್ಕೆ ಕೊಯ್ಲಿಗೆ ಇಳಿಯುತ್ತಾರೆ. ಅಜ್ಜನ ಕಾಲದಿಂದ ಹಾಗೇ," ಎಂದ ಹಮೂದ್.

ಗಾಡಿ ನಿಲ್ಲಿಸಿದೆವು. ಬಾವಿ ಕಟ್ಟೆಯ ಹತ್ತಿರ ಒಬ್ಬಳು ಮುದುಕಿ ನೀರು ಸೇದುತ್ತಿದ್ದಳು. ಹೆಸರು ಮೋಝಾ. ಊರಿಗೆಲ್ಲ ಹಿರಿಯಳು. ರಾಟೆಯಲ್ಲಿ ದಪ್ಪ ಹಗ್ಗ, ಖರ್ಜೂರದ ನಾರಿನದು, ಕೈ ತಾಗಿ ಸವೆದು ನುಣ್ಣಗಾದದ್ದು. ಅರ್ಧ ಕೊಡ ಮೇಲೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಾವಿಯ ನೀರು ತಳ ಸೇರಿತ್ತು. ಹಮೂದ್ ಕುಶಲ ಕೇಳಿದ, ಅವಳು ಹೇಳಿದ್ದನ್ನು ನನಗೆ ಹೇಳಿದ.

"ಟ್ಯಾಂಕರು ನಿಲ್ಲುವುದಿಲ್ಲವಂತೆ ಸಾಬ್. ಮೊದಲು ವಾರಕ್ಕೊಮ್ಮೆ ಬರುತ್ತಿತ್ತು. ಹೊಸ ಪಟ್ಟಿಯಲ್ಲಿ ಈ ಊರು ಇಲ್ಲ, ಖಲಾಸ್ ಅಂದನಂತೆ ಡ್ರೈವರ್."

ನಾವು ಕೊಟ್ಟ ಕರಡು ಪಟ್ಟಿ ಇಷ್ಟು ಬೇಗ ಟ್ಯಾಂಕರಿನವನ ಕೈ ಸೇರುತ್ತದೆಂದು ನಾನು ಎಣಿಸಿರಲಿಲ್ಲ. ಮುದುಕಿ ನನ್ನ ಕೈಯಲ್ಲಿದ್ದ ಫಾರಂಗಳನ್ನು ನೋಡಿದಳು. "ನಮ್ಮನ್ನು ಇಲ್ಲ ಎಂದು ಬರೆದವರು ಯಾರೆಂದು ಇವನಿಗೆ ಗೊತ್ತೇ?" ಎಂದು ಕೇಳಿದಳು. ಅಷ್ಟು ಅರಬ್ಬಿ ನನಗೂ ತಿಳಿಯುತ್ತಿತ್ತು.

ನಾನು ನೆಲ ನೋಡಿಕೊಂಡು, "ಕಚೇರಿಯಲ್ಲಿ ಏನೋ ತಪ್ಪಾಗಿರಬೇಕು, ವಿಚಾರಿಸುತ್ತೇನೆ," ಎಂದೆ. ಹಮೂದ್ ಅದನ್ನು ಹಾಗೆಯೇ ಅರಬ್ಬಿಗೆ ತಿರುಗಿಸಿದ. ಇವತ್ತಿಗೂ ನನಗೆ ನಾಚಿಕೆಯಾಗುವುದು ಉಂಗುರ ಹಾಕಿದ್ದಕ್ಕಿಂತ ಹೆಚ್ಚಾಗಿ ಈ ಮಾತಿಗೆ.

ಹೊರಡುವ ಮೊದಲು ಹಗ್ಗದ ವಿಷಯ ಕೇಳಿದೆ. ಬೇಸಗೆಯಲ್ಲಿ ಹಗ್ಗ ಎಲ್ಲಿರುತ್ತದೆ? ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ತೋಟದಲ್ಲಿ. ಗೊನೆಯನ್ನು ಮರದಿಂದ ಮತ್ತೆ ಯಾವುದರಲ್ಲಿ ಇಳಿಸುವುದು?" ಎಂದಳು. ಚಳಿಗಾಲದಲ್ಲಿ ನೀರಿಗೆ, ಬೇಸಗೆಯಲ್ಲಿ ಖರ್ಜೂರದ ಗೊನೆಗೆ, ಹಗ್ಗ ಒಂದೇ. ಜನ ಎಲ್ಲಿದ್ದಾರೋ ಹಗ್ಗ ಅಲ್ಲಿ.

ಮರುದಿನ ಕಚೇರಿಯಲ್ಲಿ ನನ್ನ ಕೈಬರಹದಲ್ಲೇ ಒಂದು ಪತ್ರ ಬರೆದೆ. ಉಮ್ ಸಿದ್ರ್‌ಗೆ ನಾನು ತಪ್ಪು ಗುರುತು ಹಾಕಿದ್ದೇನೆ, ತಿದ್ದಬೇಕು, ಇದಕ್ಕೆ ನಾನೇ ಹೊಣೆ. ಒಯ್ದು ಶ್ರೀಕಂಠಯ್ಯನವರ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ಭೂತಗನ್ನಡಿ ತೆಗೆದು ಒರೆಸಿದರು. ಮತ್ತೆ ಓದಿದರು.

"ಹಾಳೆಗಳೆಲ್ಲ ಮಂಜೂರಿಗೆ ಹೋಗಿವೆ ಕಣ್ರೀ ಸಂಜೀವ್. ಈಗ ಇದನ್ನ ಕಳಿಸಿದ್ರೆ ಉಳಿದ ಹಾಳೆಗಳನ್ನೂ ಅನುಮಾನದಿಂದ ನೋಡ್ತಾರೆ. ನಿಮ್ಮ ವೀಸಾ ಏನಾಗತ್ತೆ ಅಂತ ಯೋಚನೆ ಮಾಡಿದೀರಾ?"

"ಮಾಡಿದ್ದೇನೆ ಸರ್. ಆದ್ರೆ ಅಲ್ಲಿ ಜನ ಇದ್ದಾರೆ. ನೀರಿಗೆ ಕಷ್ಟ ಉಂಟು."

"ಫಾರಂ ತೆಗೀರಿ."

ತೆಗೆದುಕೊಟ್ಟೆ. ಅವರು ಬೆರಳಿಟ್ಟು ಓದಿದರು. "ಎಲ್ಲಕ್ಕೂ ಬೀಗ. ಸರಿ, ಕಂಡಿದ್ದು. ಬಾವೀಲಿ ಹಗ್ಗ ಇಲ್ಲ. ಅದೂ ಕಂಡಿದ್ದೇ. ಪಾಳು. ಇದು ಎಲ್ಲಿ ಕಂಡಿತ್ರೀ ನಿಮಗೆ?"

ಅವರ ಬೆರಳು ಆ ಪದದ ಮೇಲೆಯೇ ಇತ್ತು.

"ಇದು ತೋಚಿದ್ದು. ನಿಮ್ಮೂರಿನ ಬಾವೀನ ತಂದು ಇಲ್ಲಿ ಇಟ್ಬಿಟ್ರಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು. ಆಮೇಲೆ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. "ಫಾರಂ ನೋಡಿ ಪಾಸ್ ಮಾಡಿದೋನು ನಾನು. ಹೋಗಲಿ, ಕಳಿಸಿ," ಎಂದರು.

ಉತ್ತರ ಬರಲು ಚಳಿಗಾಲ ಮುಗಿಯಿತು. ಅಷ್ಟರಲ್ಲಿ ನಾನು ಟ್ಯಾಂಕರಿನವನನ್ನು ಹುಡುಕಿಕೊಂಡು ಹೋಗಿ ಕೇಳಿಕೊಂಡೆ. ಪೇಶಾವರದ ಕಡೆಯವನು, ಒಳ್ಳೆಯ ಮನುಷ್ಯ. "ಭಾಯಿ, ಊರಿನ ನಂಬರ್ ಇಲ್ಲದೆ ಚೀಟಿ ಹರಿಯೋ ಹಾಗಿಲ್ಲ. ಕೊನೆಗೆ ನೀರು ಮಿಕ್ಕಿದರೆ ಅಲ್ಲಿ ಇಳಿಸುತ್ತೇನೆ," ಎಂದ. ತಿಂಗಳಲ್ಲಿ ಎರಡು ಸಲ ಮಿಕ್ಕುತ್ತಿತ್ತಂತೆ. ಉಳಿದಂತೆ ಇಡೀ ಊರಿನ ಜನ, ಅಷ್ಟು ಆಡು, ಆ ತಳ ಕಂಡ ಬಾವಿ. ಕಚೇರಿಯಲ್ಲಿ ಫಿಲ್ಟರಿನ ನಲ್ಲಿ ತಿರುಗಿಸುವಾಗಲೆಲ್ಲ ನನಗೆ ಆ ಅರ್ಧ ಕೊಡ ನೆನಪಾಗುತ್ತಿತ್ತು.

ಕೊನೆಗೆ ಪತ್ರ ಬಂತು. ಪುಸ್ತಕಕ್ಕೆ ಮಂಜೂರಿ ಕೊಡುವ ಸಮಿತಿಯ ಇಬ್ಬರು ಅಧಿಕಾರಿಗಳು ಸ್ಥಳಕ್ಕೇ ಬಂದು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ. ಜನ ವಾಸವಿರುವುದು ಕಂಡರೆ ಚುಕ್ಕೆ, ಕಾಣದಿದ್ದರೆ ಉಂಗುರ ಹಾಗೆಯೇ ಅಚ್ಚಿಗೆ ಹೋಗುತ್ತದೆ. ದಿನ ಗೊತ್ತು ಮಾಡಿದ್ದು ಜೂನ್ ಕೊನೆಯ ವಾರ.

ಜೂನ್ ಕೊನೆ ಎಂದರೆ ಕೊಯ್ಲು ಶುರುವಾಗಿರುತ್ತದೆ. ಊರು ಮತ್ತೆ ಖಾಲಿ. ಮುಂದಕ್ಕೆ ಹಾಕಿ ಎಂದು ಶ್ರೀಕಂಠಯ್ಯನವರು ಬರೆದರು. ಮುಂದಕ್ಕೆ ಹಾಕಿದರೆ ಪುಸ್ತಕ ಈ ಊರಿಲ್ಲದೆ ಅಚ್ಚಾಗುತ್ತದೆ ಎಂದು ಉತ್ತರ ಬಂತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಏನೇನೋ ಯೋಚಿಸಿದೆವು, ದಾರಿ ಕಾಣಲಿಲ್ಲ.

ನಾನೂ ಹಮೂದನೂ ಸಹಮ್‌ನ ತೋಟಕ್ಕೆ ಹೋದೆವು. ಉಮ್ ಸಿದ್ರ್‌ನ ಗಂಡಸರು ಮರದ ಮೇಲಿದ್ದರು. ಹೆಂಗಸರು ಕೆಳಗೆ ಚಾಪೆಯ ಮೇಲೆ ಹಣ್ಣು ಹರವುತ್ತಿದ್ದರು. ಆ ಹಗ್ಗ ಒಂದು ಮರದ ತಲೆಯಿಂದ ಇಳಿಬಿದ್ದಿತ್ತು, ತುದಿಯಲ್ಲಿ ಗೊನೆ. ಒಂದು ದಿನದ ಮಟ್ಟಿಗೆ ಎಲ್ಲರೂ ಊರಿಗೆ ಬಂದು ನಿಲ್ಲಲು ಆದೀತೇ ಎಂದು ಕೇಳಿದೆವು. ಮೋಝಾಳ ತಮ್ಮ ಸಾಲೆಂ ಮರದ ಮೇಲಿಂದಲೇ ಉತ್ತರ ಕೊಟ್ಟ.

"ಹಣ್ಣು ಸಮಿತಿಗಾಗಿ ಕಾಯುತ್ತದೆಯೇ? ಇವತ್ತು ಇಳಿಸದಿದ್ದರೆ ನಾಳೆ ನೆಲಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಮಕ್ಕಳು ಏನು ತಿನ್ನಬೇಕು?"

ಅವನು ಹೇಳಿದ್ದು ಸರಿಯೇ. ನೀರು ಬೇಕಾದರೆ ಹಣ್ಣು ಬಿಡಬೇಕು, ಹಣ್ಣು ಬೇಕಾದರೆ ಊರು ಬಿಡಬೇಕು. ಈ ಇಕ್ಕಟ್ಟಿಗೆ ಅವರನ್ನು ದೂಡಿದವನು ನಾನು. ಮೋಝಾ ಹಣ್ಣು ಹರವುತ್ತ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು.

"ಯಾವ ದಿನ?"

ಆ ದಿನ ಬೆಳಿಗ್ಗೆ ಸಮಿತಿಯ ಗಾಡಿಯಲ್ಲಿ ಇಬ್ಬರು ಅಧಿಕಾರಿಗಳು, ಅವರ ಜೊತೆ ಶ್ರೀಕಂಠಯ್ಯನವರು, ನಾನು. ಹಮೂದ್ ಮುಂದಾಗಿ ತನ್ನ ಗಾಡಿಯಲ್ಲಿ ಹೋಗಿದ್ದ. ಹಿರಿಯ ಅಧಿಕಾರಿ ಗಂಭೀರ ಮನುಷ್ಯ, ದಾರಿಯುದ್ದಕ್ಕೂ ಮಾತಿಲ್ಲ. ಊರು ಕಾಣಿಸಿದಾಗ ಹೊಗೆ ಇರಲಿಲ್ಲ, ಬಟ್ಟೆ ಇರಲಿಲ್ಲ, ಆಡು ಇರಲಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದ.

ಬೋರೆ ಮರದ ಕೆಳಗೆ ಚಾಪೆ ಹಾಸಿತ್ತು. ಮೋಝಾ ಒಬ್ಬಳೇ ಕೂತಿದ್ದಳು, ಹಬ್ಬಕ್ಕೆ ಉಡುವ ಹಸಿರು ಬಟ್ಟೆ ತೊಟ್ಟು. ಮುಂದೆ ಕಾಫಿಯ ಫ್ಲಾಸ್ಕ್, ಒಂದು ತಟ್ಟೆ ಹೊಸ ಖರ್ಜೂರ. ಬೆಳಗಾಗುವ ಹೊತ್ತಿಗೆ ಹಮೂದನ ಗಾಡಿಯಲ್ಲಿ ಬಂದಿದ್ದಳಂತೆ. ರಾಟೆಯಲ್ಲಿ ಹಗ್ಗ ಇತ್ತು.

ಮೊದಲು ಎದ್ದು ಬಾವಿಗೆ ಹೋದಳು. ಯಾರನ್ನೂ ಮುಟ್ಟಲು ಬಿಡದೆ ತಾನೇ ನೀರು ಸೇದಿ ನಾಲ್ವರಿಗೂ ಕೊಟ್ಟಳು. ನೀರು ಸ್ವಲ್ಪ ಉಪ್ಪು. ಆಮೇಲೆ ಕಾಫಿ. ಅಧಿಕಾರಿ ಲೋಟ ಕೆಳಗಿಟ್ಟು, "ಅಮ್ಮಾ, ಊರಿನಲ್ಲಿ ಯಾರೂ ಕಾಣುವುದಿಲ್ಲವಲ್ಲ?" ಎಂದು ಕೇಳಿದ.

"ತೋರಿಸುತ್ತೇನೆ, ಯಲ್ಲಾ, ನಡೆ," ಎಂದು ಅವಳು ಮಡಿಲಿನಿಂದ ಒಂದು ಗಂಟು ತೆಗೆದಳು. ಅದರಲ್ಲಿ ಹನ್ನೊಂದು ಬೀಗದ ಕೈಗಳಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟಿದ್ದು. ಮನೆಮನೆಯವರೂ ತಂದು ಅವಳ ಕೈಗೆ ಕೊಟ್ಟಿದ್ದರು.

ಮೊದಲ ಮನೆಯ ಬೀಗ ತೆಗೆದಳು. "ಇದು ನನ್ನ ತಮ್ಮ ಸಾಲೆಂನದು. ಅವನು, ಹೆಂಡತಿ, ಐದು ಮಕ್ಕಳು." ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಮೊಳೆಗೆ ಎರಡು ಶಾಲೆಯ ಚೀಲ. ಅಧಿಕಾರಿ ಇಣುಕಿ ನೋಡಿದ, ಏನೂ ಬರೆಯಲಿಲ್ಲ. ಎರಡನೆಯ ಮನೆ. "ಇಲ್ಲಿ ನನ್ನ ಸೋದರಸೊಸೆ. ಗಂಡ ಸೈನ್ಯದಲ್ಲಿ. ಮೂರು ಹೆಣ್ಣುಮಕ್ಕಳು. ಚಿಕ್ಕದಕ್ಕೆ ಇನ್ನೂ ಹೆಸರಿಟ್ಟು ತಿಂಗಳಾಗಿಲ್ಲ." ಗೋಡೆಗೆ ಒರಗಿಸಿದ ತೊಟ್ಟಿಲು. ಹೀಗೆ ಮೂರು, ನಾಲ್ಕು, ಐದು. ಪ್ರತಿ ಬಾಗಿಲಲ್ಲೂ ಅವಳು ನಿಂತು ಒಳಗಿನವರ ಹೆಸರು ಒಂದೊಂದಾಗಿ ಹೇಳುತ್ತಿದ್ದಳು. ನಾನು ತಟ್ಟೆ ಎಣಿಸಿ ತಿಳಿಯಲಾಗದ್ದನ್ನು ಅವಳು ಅಳುಕಿಲ್ಲದೆ ಹೇಳುತ್ತ ಹೋದಳು, ಹೆಂಗಸರು ಮಕ್ಕಳು ಎಲ್ಲ ಸೇರಿಸಿ. ಅಧಿಕಾರಿಯ ಮುಖದಲ್ಲಿ ಮಾತ್ರ ಅನುಮಾನ ಹೋಗಿರಲಿಲ್ಲ. ಒಬ್ಬ ಮುದುಕಿ ನೀರಿಗೋಸ್ಕರ ಏನು ಬೇಕಾದರೂ ಹೇಳಿಯಾಳು ಎಂದು ಅವನಿಗೆ ಅನಿಸಿದ್ದರೆ ತಪ್ಪಲ್ಲ.

ಏಳನೆಯ ಮನೆಯ ಬೀಗ ತೆಗೆದು ಅವಳು ಪಕ್ಕಕ್ಕೆ ಸರಿದಳು. ಒಳಗೆ ಧೂಳು, ಒಂದು ಮುರಿದ ಕುರ್ಚಿ.

"ಇದರಲ್ಲಿ ಯಾರೂ ಇಲ್ಲ," ಎಂದಳು. "ನನ್ನ ಮಗನದು. ಸಲಾಲಾದ ಬಂದರಿನಲ್ಲಿ ಕೆಲಸ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋದ. ಮನೆ ಅಲ್ಲೇ ಮಾಡಿದ್ದಾನೆ. ಇನ್ನು ಬರುವುದಿಲ್ಲ. ಇದನ್ನು ಬರೆಯಬೇಡ."

ಅಧಿಕಾರಿ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಅಮ್ಮಾ, ಮೊದಲನೆಯ ಮನೆಯಿಂದ ಇನ್ನೊಮ್ಮೆ ಹೇಳು," ಎಂದು ಫಾರಂ ತೊಡೆಯ ಮೇಲಿಟ್ಟುಕೊಂಡು ಆ ಹೊಸಿಲಿನಲ್ಲೇ ಕೂತು ಬರೆಯತೊಡಗಿದ. ಉಳಿದ ನಾಲ್ಕು ಮನೆಯ ಬೀಗ ತೆಗೆಯುವುದು ಬೇಡ ಎಂದ. ಅವಳು ಬಿಡಲಿಲ್ಲ, ಅವನ್ನೂ ತೆಗೆದು ತೋರಿಸಿದಳು.

ಮನೆ ಹನ್ನೊಂದು, ವಾಸ ಹತ್ತು, ಖಾಲಿ ಒಂದು. ಉಂಗುರದ ಒಳಗೆ ಅವನೇ ಮಸಿ ತುಂಬಿದ.

ಎಲ್ಲರೂ ಗಾಡಿಯ ಕಡೆ ಹೊರಟರು. ನಾನು ಬಾವಿಯ ಹತ್ತಿರ ನಿಂತೆ. ಮೋಝಾ ಹಗ್ಗ ಬಿಚ್ಚುತ್ತಿದ್ದಳು. ಹಮೂದನನ್ನು ಕರೆಯಲಿಲ್ಲ. ನನಗಿದ್ದ ಹರಕು ಅರಬ್ಬಿಯಲ್ಲೇ ಹೇಳಿದೆ. "ಆವತ್ತು ನೀವು ಕೇಳಿದಿರಲ್ಲ, ನಿಮ್ಮನ್ನು ಇಲ್ಲ ಎಂದು ಬರೆದವರು ಯಾರೆಂದು. ನಾನೇ."

"ಗೊತ್ತಿತ್ತು," ಎಂದಳು. "ಆವತ್ತು ನೀನು ನೆಲದ ಜೊತೆ ಮಾತಾಡಿದೆ." ಹಗ್ಗವನ್ನು ಸುರುಳಿ ಸುತ್ತಿ ಮುಗಿಸಿದಳು. ಒದ್ದೆ ಹಗ್ಗ, ಒಳ್ಳೆಯ ಭಾರ. ಅದನ್ನು ಎತ್ತಿ ನನ್ನ ಹೆಗಲಿಗೆ ಹಾಕಿದಳು. "ಹಾಗಾದರೆ ಇದನ್ನು ಹೊತ್ತುಕೊಂಡು ಬಾ. ತೋಟದಲ್ಲಿ ಕೊಯ್ಲು ನಿಂತಿದೆ."

ಗಾಡಿಯವರೆಗೆ ಹೊತ್ತೆ. ಅಂಗಿಯೆಲ್ಲ ಒದ್ದೆಯಾಯಿತು. ಶ್ರೀಕಂಠಯ್ಯನವರು ನನ್ನನ್ನೂ ಹಗ್ಗವನ್ನೂ ನೋಡಿದರು. "ಈಗ ಮತ್ತೆ ಬಾವೀಲಿ ಹಗ್ಗ ಇಲ್ಲ, ಅಲ್ವೇನ್ರೀ?" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ನನ್ನ ವೀಸಾ ಉಳಿಯಿತು. ಟ್ಯಾಂಕರಿನವನಿಗೆ ಊರಿನ ನಂಬರ್ ಸಿಕ್ಕಿತು, ಜನ ಕೊಯ್ಲು ಮುಗಿಸಿ ಊರಿಗೆ ಮರಳುವ ಮೊದಲೇ. ಆ ವಾರವೇ ಶ್ರೀಕಂಠಯ್ಯನವರು ಕ್ಷೇತ್ರಕಾರ್ಯದ ಸೂಚನೆಗಳ ಹಾಳೆಗೆ ಒಂದು ಸಾಲು ಸೇರಿಸಿದರು. ಅದು ಟೈಪಾಗಿ ಎಲ್ಲ ಗಾಡಿಗಳ ಡ್ಯಾಶ್‌ಬೋರ್ಡಿಗೂ ಅಂಟಿತು. 'ಪಾಳು ಎಂದು ಬರೆಯುವ ಮೊದಲು ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸುವುದು.' ಆಮೇಲೆ ಸೇರಿದವರಿಗೆ ಈ ಸಾಲು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಮುಂದೆ ಮಸಿ ಪೆನ್ನು ಹೋಯಿತು, ಬ್ಲೇಡು ಹೋಯಿತು, ಅಮೋನಿಯಾ ವಾಸನೆಯೂ ಹೋಯಿತು. ಅವು ಹೋದವೆಂದು ನನಗೇನೂ ದುಃಖವಿಲ್ಲ, ಕಣ್ಣಿಗೆ ಒಳ್ಳೆಯದೇ ಆಯಿತು. ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತೇ ಅರ್ಧ ಕೆಲಸ ಮುಗಿಯುತ್ತಿತ್ತು. ಅನುಷಾಳ ಕಾಲಕ್ಕೆ ಪೂರ್ತಿ ಮುಗಿಯುತ್ತದೆ.

ಇಷ್ಟನ್ನು ಬರೆದು ಅವಳಿಗೆ ಓದಲು ಕೊಟ್ಟರೆ ಕನ್ನಡ ಓದಲು ಅವಳಿಗೆ ನಿಧಾನ. ಹಾಗಾಗಿ ನಿನ್ನೆ ಫೋನಿನಲ್ಲಿ ಓದಿ ಹೇಳಿದೆ. ನಾನು ಓದುತ್ತಿದ್ದ ಹಾಗೇ ಅವಳು ಕಂಪ್ಯೂಟರಿನಲ್ಲಿ ಆ ಜಾಗ ಹುಡುಕಿದಳು.

"ಸಿಕ್ತು ಮಾಮ. ದೊಡ್ಡ ಮರ ಉಂಟು. ಆದ್ರೆ ರೂಫ್ ಹನ್ನೊಂದಲ್ಲ, ಹದಿನಾಲ್ಕು ಉಂಟು."

ಮೂರು ಮನೆ ಹೆಚ್ಚಾಗಿವೆ ಎಂದು ನಾನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

"ಆದ್ರೆ ಒಂದು ಗಾಡಿ ಕೂಡ ಕಾಣೂದಿಲ್ಲ. ಬಟ್ಟೆ, ಆಡು, ಎಂತದೂ ಇಲ್ಲ," ಎಂದಳು. "ನಾನಾದ್ರೆ ಇದನ್ನು ವೇಕೆಂಟ್ ಅಂತ ಹಾಕ್ತಿದ್ದೆ."

"ಚಿತ್ರ ತೆಗೆದದ್ದು ಯಾವ ತಿಂಗಳು?" ಎಂದು ಕೇಳಿದೆ.

ಕೀಲಿಮಣೆಯ ಸದ್ದು ಕೇಳಿಸಿತು. "ಜುಲೈ," ಎಂದಳು.

"ಮಾಮ," ಎಂದಳು ಮತ್ತೆ, "ಈಗ ಬೀಗದ ಕೈ ಯಾರ ಹತ್ರ ಇರಬಹುದು?"